ಇಂಜೆಕ್ಷನ್ ಅಂದರೆ ಮಗಳು ಹೆದರುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ವರ್ಷ. ಕಳೆದ ಸಲ ಲಸಿಕೆ ಹಾಕಿಸುವಾಗ ಮಲಗಿಸಿ ಕೈಕಾಲು ಒತ್ತಿ ಹಿಡಿದಿದ್ದೆವು. ಉಸಿರು ಕಟ್ಟುವ ಹಾಗೆ ಅತ್ತಳು. ಈಗ ಡಾಕ್ಟರ ಬಾಗಿಲು ಕಂಡರೇ ಅಳು. ಮುಂದಿನ ಲಸಿಕೆಯ ದಿನ ಹತ್ತಿರ ಬಂದಿದೆ, ನೆಗಡಿ ಬೇರೆ ಇದೆ. ಮುಂದೆ ಹಾಕಲೇ? ಜ್ವರ ಬರದಿರಲಿ ಅಂತ ಮೊದಲೇ ಪ್ಯಾರಾಸಿಟಮಾಲ್ ಕೊಡಬಹುದೇ?

ಉತ್ತರ: ಬರೀ ನೆಗಡಿ, ಸ್ವಲ್ಪ ಮೈಬೆಚ್ಚಗೆ ಅಂದರೆ ಮುಂದೆ ಹಾಕಬೇಡಿ. ಜೋರು ಜ್ವರವಿದ್ದರೆ, ಮಗು ಸುಸ್ತಾಗಿ ಮಲಗಿಬಿಟ್ಟಿದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಒಂದು ಡೋಸ್ ತಪ್ಪಿಹೋದರೂ ಸಾಮಾನ್ಯವಾಗಿ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.

ಡಾಕ್ಟರ್ ಹೇಳದೆ ಪ್ಯಾರಾಸಿಟಮಾಲ್ ಮೊದಲೇ ಕೊಡುವುದು ಬೇಡ. ಹಾಗೆ ಕೊಟ್ಟ ಮಕ್ಕಳಲ್ಲಿ ಕೆಲವು ಲಸಿಕೆಗಳಿಗೆ ರೋಗ ತಡೆಯುವ ಪ್ರತಿಕಾಯಗಳು ಕಡಿಮೆ ಹುಟ್ಟಿದ್ದು 2009ರ ಒಂದು ಅಧ್ಯಯನದಲ್ಲಿ ಕಂಡಿದೆ. ಜ್ವರ ಬಂದ ಮೇಲೆ, ಮಗುವಿನ ತೂಕ ನೋಡಿ ಡಾಕ್ಟರ್ ಬರೆದಷ್ಟೇ ಕೊಡಿ. ಹೆಚ್ಚಿನ ಲಸಿಕೆಗಳ ಜ್ವರ ಒಂದೆರಡು ದಿನದಲ್ಲಿ ಬಂದು ಹೋಗುತ್ತದೆ. ದಡಾರದ ಲಸಿಕೆಯದ್ದು ಮಾತ್ರ 7ರಿಂದ 12 ದಿನ ಕಳೆದು ಬರಬಹುದು, ಆಗ ಸುಮ್ನೆ ಗಾಬರಿಯಾಗಬೇಡಿ. ಆದರೆ ಫಿಟ್ಸ್ ಬಂದರೆ, ಮೂರು ಗಂಟೆಗಿಂತ ಜಾಸ್ತಿ ಹೊತ್ತು ಅಳು ನಿಲ್ಲದಿದ್ದರೆ ತಡಮಾಡದೆ ತೋರಿಸಿ. ಮುಖ ಊದುವುದು, ಉಸಿರಾಟದ ತೊಂದರೆ ಇಂಥವು ತೀರಾ ಅಪರೂಪ. ಬಂದರೆ ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಬರುತ್ತವೆ, ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂತಿದ್ದು ಹೊರಡಿ.

ಈಗ ಹೆದರಿಕೆಯ ವಿಷಯ. ನೀವು ಬರೆದದ್ದರಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಆ 'ಒತ್ತಿ ಹಿಡಿದಿದ್ದೆವು' ಅನ್ನೋ ಮಾತು. ಮಲಗಿಸಿ ಅದುಮಿದರೆ ಸೂಜಿಗಿಂತ ಆ ಹಿಡಿತವೇ ಮಗುವಿಗೆ ಜಾಸ್ತಿ ಭಯ ತರುತ್ತದೆ. ಈ ಸಲ ನಿಮ್ಮ ತೊಡೆಯ ಮೇಲೆ ಕೂರಿಸಿ, ಎದೆಗೆ ಅಪ್ಪಿಕೊಂಡು, ಇಂಜೆಕ್ಷನ್ ಕೊಡುವ ಕೈಯನ್ನೋ ಕಾಲನ್ನೋ ಅಲುಗದಂತೆ ಹಿಡಿಯಿರಿ. ಇನ್ನೂ ಹಾಲು ಕುಡಿಯುತ್ತಿದ್ದರೆ ಚುಚ್ಚುವಾಗಲೇ ಎದೆಗೆ ಹಾಕಿಕೊಳ್ಳಿ, ನೋವು ನಿಜವಾಗಿಯೂ ಕಡಿಮೆ ಆಗುತ್ತದೆ. ಎರಡು ಮೂರು ಇಂಜೆಕ್ಷನ್ ಇದ್ದರೆ ಹೆಚ್ಚು ಉರಿಯುವುದನ್ನು ಕೊನೆಗೆ ಕೊಡಿ ಅಂತ ನರ್ಸನ್ನು ಕೇಳಿಕೊಳ್ಳಿ, ಸಂಕೋಚ ಬೇಡ.

'ಇಂಜೆಕ್ಷನ್ ಇಲ್ಲ ಪುಟ್ಟಿ' ಅಂತ ಸುಳ್ಳು ಹೇಳಿ ಕರೆದೊಯ್ಯಬೇಡಿ. ಹಟ ಮಾಡಿದಾಗ 'ಸೂಜಿ ಚುಚ್ಚಿಸ್ತೀನಿ ನೋಡು' ಅಂತ ಮನೆಯಲ್ಲಿ ಯಾರಾದರೂ ಹೆದರಿಸುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಆ ಮಾತು ಕೇಳಿಕೊಂಡೇ ಬೆಳೆದ ಮಗು ಡಾಕ್ಟರನ್ನು ಕಂಡು ಅಳದೆ ಇನ್ನೇನು ಮಾಡೀತು, ಅಲ್ವಾ? 'ಚುರ್ ಅನ್ನುತ್ತೆ, ಅಮ್ಮ ಎತ್ಕೊಂಡಿರ್ತಾಳೆ' ಅಂದರೆ ಸಾಕು, ಅದೂ ಹೊರಡುವ ಸ್ವಲ್ಪ ಮೊದಲು. ಆಮೇಲೆ ಅತ್ತರೆ ಅಳಲಿ. ಬೈಯದೆ, ನಾಚಿಕೆಪಡಿಸದೆ ಹೆಗಲಿಗೆ ಹಾಕಿಕೊಂಡು ಓಡಾಡಿ.