ಬ್ಯಾಸಿಲಸ್ ಪುಡಿ ಕಲಸುವಾಗ ಕಣ್ಣುರಿ, ಸೀನು: ದಾಳಿಂಬೆಗೆ ಹೊಡೆಯಬಹುದೇ?

ಕುಷ್ಟಗಿಯ ದಾಳಿಂಬೆ ಬೆಳೆಗಾರರೊಬ್ಬರ ಪ್ರಶ್ನೆ: ಬ್ಯಾಸಿಲಸ್ ಪುಡಿ ಕಲಸುವಾಗ ಕಣ್ಣುರಿ, ಸೀನು ಬಂತು, ವಾರದಲ್ಲಿ ಹಣ್ಣು ಕೀಳ್ತೀವಿ, ಮತ್ತೆ ಹೊಡೆಯಬಹುದೇ? ಪುಡಿ ಬಕೆಟ್‌ಗೆ ಸುರಿದ ತಕ್ಷಣ ಕಣ್ಣುರಿ, ಸೀನು ಅಂದರೆ ಬಹುತೇಕ ಟಾಲ್ಕ್ (ಬ್ಯಾಕ್ಟೀರಿಯಾ ಬೆರೆಸಿಡುವ ನುಣ್ಣನೆ ಕಲ್ಲಿನ ಪುಡಿ) ಧೂಳಿನದೇ ಕಾಟ. ಪ್ಯಾಕೆಟ್ಟಿನಲ್ಲಿ ಹೆಚ್ಚಿನ ಪಾಲು ಅದೇ ಇರುತ್ತೆ. ಬೆಳೆಯ ರೋಗ ತಡೆಯೋಕೆ ಅದರಲ್ಲಿ ಬೆರೆಸುವ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ ನಿಮ್ಮ ಕುಷ್ಟಗಿ ಮಣ್ಣಿನಲ್ಲೂ ಇರುವಂಥದ್ದು. ಜಪಾನಿನವರು ಸೋಯಾ ಹುದುಗಿಸಿ ತಿನ್ನುವ ನಾಟೋದಲ್ಲೂ ಇದೇ ಜಾತಿ. ಆರೋಗ್ಯವಂತರಿಗೆ ಇದರಿಂದ ರೋಗ ಬರೋದು ತೀರಾ ಅಪರೂಪ. ಅಲರ್ಜಿ ಮಾತ್ರ ಕೆಲವರಿಗೆ ಆಗುತ್ತೆ, ನಿಮಗೆ ಅದೇನಾ ಅಂತ ಇಲ್ಲಿಂದ ಹೇಳೋಕಾಗಲ್ಲ. ಉಬ್ಬಸ ಬಂದರೆ ಪ್ಯಾಕೆಟ್ ಹಿಡ್ಕೊಂಡೇ ಡಾಕ್ಟರ ಹತ್ರ ಹೋಗಿ.

ಮತ್ತೆ ಹೊಡೆಯುವ ಮುಂಚೆ ಲೇಬಲ್ ಓದಿ. ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ, ಬ್ಯಾಕ್ಟೀರಿಯಾ ತಳಿಯ ಹೆಸರು, ಸಿಎಫ್‌ಯು ಎಣಿಕೆ (ಜೀವಂತ ಬ್ಯಾಕ್ಟೀರಿಯಾ ಎಷ್ಟಿವೆ ಅನ್ನೋ ಲೆಕ್ಕ), ಕೊನೆ ದಿನಾಂಕ, ಯಾವ ಬೆಳೆಗೆ ಅನ್ನೋದು ಇರಲೇಬೇಕು. ಬಾಯಿ, ಉಸಿರು, ಚರ್ಮ, ಕಣ್ಣಿಗೆ ಏನಾಗುತ್ತೆ, ಸಾಲ್ಮೊನೆಲ್ಲಾದಂಥ ರೋಗಾಣು ಸೇರಿದೆಯಾ ಅಂತೆಲ್ಲ ನೋಡೋದು ನೋಂದಣಿ ಹೊತ್ತಿನಲ್ಲೇ. ನಂಬರೇ ಇಲ್ಲದ 'ಬಯೋ' ಮಾಲಿಗೆ ಆ ಖಾತ್ರಿ ಎಲ್ಲಿಂದ ಬರಬೇಕು? ಒಳಗೆ ರಾಸಾಯನಿಕ ಬೆರೆಸಿರೋದೂ ಉಂಟು. ಘಾಟು ಹೊಡೆದರೆ ಬಳಸಬೇಡಿ, ಬಿಲ್ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ.

ಎಲ್ಲ ಸರಿಯಿದ್ದರೆ ಗಾಳಿಗೆ ಬೆನ್ನು ಮಾಡಿ ನಿಂತು, ಎನ್-95 ಮಾಸ್ಕ್, ಕನ್ನಡಕ, ಕೈಗವಸು ಹಾಕಿ, ಸ್ವಲ್ಪ ನೀರಲ್ಲಿ ಗಂಜಿಯ ಹಾಗೆ ಕಲಸಿ ಆಮೇಲೆ ಟ್ಯಾಂಕಿಗೆ ಹಾಕಿ. ಬಿಸಿಲು ಇಳಿದ ಮೇಲೆ ಹೊಡೆಯಿರಿ. ದುಂಡಾಣು ಅಂಗಮಾರಿಗೆ (ದಾಳಿಂಬೆಗೆ ಬ್ಯಾಕ್ಟೀರಿಯಾದಿಂದ ಬರುವ ರೋಗ) ಅಂತ ಸ್ಟ್ರೆಪ್ಟೋಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಇಲ್ಲವೇ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಅದೇ ಟ್ಯಾಂಕಿಗೆ ಸೇರಿಸಿದರೆ ದುಡ್ಡು ನೀರುಪಾಲು, ಎರಡೂ ಬ್ಯಾಕ್ಟೀರಿಯಾ ಕೊಲ್ಲುವಂಥವೇ, ಪುಡಿಯ ಬ್ಯಾಸಿಲಸ್ ಕೂಡ ಬ್ಯಾಕ್ಟೀರಿಯಾನೇ.

ವಾರದಲ್ಲಿ ಹಣ್ಣು ಕೀಳ್ತೀವಿ ಅಂದಿರಿ. ಲೇಬಲ್‌ನಲ್ಲಿ ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕು ಅಂತ ಬರೆದಿದ್ದರೆ ಅಷ್ಟು ಬಿಡಿ. ಖರೀದಿದಾರರು ಶೇಷದ (ಹಣ್ಣಿನಲ್ಲಿ ಉಳಿದ ಔಷಧದ) ವರದಿ ಕೇಳಿದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪೀಡೆನಾಶಕ ಶೇಷ ಪ್ರಯೋಗಾಲಯದಲ್ಲಿ ವಿಚಾರಿಸಿ.