ಕೆಂಪು ಬಣ್ಣ ಹತ್ತಿದ ಕೌದಿ

ಹಳೇ ಪರದೆಯ ಕೆಂಪು ತುಂಡು ಬಣ್ಣ ಬಿಟ್ಟು ಪಕ್ಕದ ಬಿಳಿಗೆ ಹತ್ತಿದೆ, ಕೌದಿ ಇನ್ನೂ ಒದ್ದೆ ಇದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಒದ್ದೆ ಇರುವುದೇ ಒಳ್ಳೇದಾಯ್ತು! ಈಗಲೇ ಒಣಗಿಸಬೇಡಿ. ಇಸ್ತ್ರಿಯಂತೂ ಬೇಡವೇ ಬೇಡ, ಕಲೆ ಕೂತುಬಿಡುತ್ತದೆ.

ಟಬ್ ತುಂಬ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕೌದಿ ಪೂರ್ತಿ ಮುಳುಗುವಂತೆ 8ರಿಂದ 12 ಗಂಟೆ ಬಿಡಿ. ನೀರು ಜಾಸ್ತಿ ಇರಲಿ, ಅದೇ ಮುಖ್ಯ. ಕಡಿಮೆ ಇದ್ದರೆ ಬಿಟ್ಟ ಬಣ್ಣ ತಿರುಗಿ ಬಟ್ಟೆಗೇ ಹತ್ತುತ್ತದೆ. ನೀರು ಗುಲಾಬಿಯಾದರೆ ಚೆಲ್ಲಿ, ಮತ್ತೆ ನೆನೆಸಿ. ತಿಳಿನೀರು ಬರುವ ತನಕ ಹೀಗೇ ಮಾಡುತ್ತಿರಿ. ನನ್ನದಕ್ಕೆ ಮೂರು ಸಲ ಬೇಕಾಯ್ತು. ಬ್ಲೀಚ್ ಬೇಡ, ಹಳೇ ನೂಲು ಸೋತುಹೋಗುತ್ತದೆ.

ಮುಂದಿನ ಸಲ ಕತ್ತರಿಸುವ ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಡುತ್ತಾ ಗೊತ್ತಾಗುತ್ತದೆ.