ಒಂದೇ ಪೆಟ್ಟಿಗೆ ಸಾಕಾ, ಬಿಡಿ ಬಿಡಿ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಅದಕ್ಕೇ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವತ್ತು ಪೂರ್ತಿ ಆಂಪ್ಲಿಫೈಯರ್ ಪುರಾಣ.

ಪ್ರಶ್ನೆ: ಸರ್, ಮನೆಯಲ್ಲಿ ಹೊಸದಾಗಿ ಹೋಂ ಥಿಯೇಟರ್ ಮಾಡಿಸುತ್ತಿದ್ದೇನೆ. ಸಿನಿಮಾ ಜಾಸ್ತಿ, ಹಾಡು ಸ್ವಲ್ಪ. ಎಲ್ಲವೂ ಒಂದರಲ್ಲೇ ಇರುವ ಎ.ವಿ. ರಿಸೀವರ್ ಸಾಕು ಅಂತ ನನ್ನ ಲೆಕ್ಕ. ಸ್ನೇಹಿತನೊಬ್ಬ ಮಾತ್ರ "ರಿಸೀವರ್ ತಗೊಂಡ್ರೆ ದುಡ್ಡು ದಂಡ, ಪ್ರೊಸೆಸರ್ ಬೇರೆ, ಪವರ್ ಆಂಪ್ ಬೇರೆ ತಗೋ" ಅಂತ ಹಟ ಹಿಡಿದಿದ್ದಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಮಾತನ್ನೇ ಕೇಳಿ. ಸ್ನೇಹಿತರು ಹೇಳಿದ್ದರಲ್ಲೂ ಹುರುಳಿದೆ, ಆದರೆ ಅದು ನಿಮ್ಮ ಮನೆಗೆ ಈಗಲೇ ಬೇಕಾದ ಮಾತಲ್ಲ.

ರಿಸೀವರ್‌ನ ಮುಚ್ಚಳ ತೆಗೆದು ನೋಡಿದ್ದೀರಾ? ಒಳಗೆ ದೊಡ್ಡದೊಂದು ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಲೋಟದ ಹಾಗೆ ನಿಂತ ಎರಡು ಕೆಪಾಸಿಟರ್, ನಡುವೆ ಉದ್ದಕ್ಕೂ ಬಾಚಣಿಗೆ ಹಲ್ಲಿನಂಥ ಅಲ್ಯೂಮಿನಿಯಂ ಹೀಟ್ ಸಿಂಕ್. ಇಷ್ಟು ಆಂಪ್ಲಿಫೈಯರ್, ಅಂದರೆ ಸ್ಪೀಕರ್‌ಗೆ ಶಕ್ತಿ ಕೊಡುವ ಭಾಗ. ಇದನ್ನೇ ಬೇರೆ ಪೆಟ್ಟಿಗೆಯಲ್ಲಿ ಕೊಂಡರೆ ಪವರ್ ಆಂಪ್. ಹಿಂಬದಿಗೆ ಅಂಟಿಕೊಂಡಂತೆ ಒಂದರ ಮೇಲೊಂದು ಬೋರ್ಡು: ಎಚ್‌ಡಿಎಂಐ, ಡಾಲ್ಬಿ ಮತ್ತು ಡಿಟಿಎಸ್ ಎಂಬ ಸಿನಿಮಾ ಸದ್ದಿನ ಕೋಡ್ ಬಿಡಿಸುವ ಚಿಪ್, ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಡ್ಯಾಕ್, ವೈ-ಫೈ. ಇದು ಪ್ರೊಸೆಸರ್. ಎರಡಕ್ಕೂ ಒಂದೇ ಮನೆ, ಆದರೆ ಆಯಸ್ಸು ಒಂದೇ ಅಲ್ಲ.

ಆಂಪ್ ಭಾಗಕ್ಕೆ ನಿಧಾನಕ್ಕೆ ವಯಸ್ಸಾಗುತ್ತದೆ. 20 ವರ್ಷ ಹಳೆಯ ಒಳ್ಳೆಯ ಪವರ್ ಆಂಪ್‌ಗೆ ಸ್ಪೀಕರ್ ಹಾಕಿ ನೋಡಿ, ಅದು ಹಳೆಯದು ಅಂತ ಸ್ಪೀಕರ್‌ಗೆ ಗೊತ್ತೇ ಆಗುವುದಿಲ್ಲ. ಬೋರ್ಡುಗಳ ಕತೆ ಮೊಬೈಲ್ ಫೋನಿನ ಕತೆ. ತಲೆಯ ಮೇಲಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್ ಚಿತ್ರಮಂದಿರಕ್ಕೆ ಬಂದದ್ದು 2012ರಲ್ಲಿ, ಮನೆಗೆ ಬಂದದ್ದು 2014ರಲ್ಲಿ. ಎಚ್‌ಡಿಎಂಐ 2.0 ಬಂದದ್ದು 2013ರಲ್ಲಿ, 2.1 ಬಂದದ್ದು 2017ರಲ್ಲಿ. ಅಂದರೆ 2013ರಲ್ಲಿ ಆಸೆಪಟ್ಟು ದೊಡ್ಡ ರಿಸೀವರ್ ತಂದವರು ಮರುವರ್ಷವೇ, ತಲೆಯ ಮೇಲೆ ಸದ್ದು ಬರಿಸುವ ಹೊಸ ಪೆಟ್ಟಿಗೆಗಳನ್ನು ನೋಡಿ ಕೈ ಕೈ ಹಿಸುಕಿಕೊಂಡರು.

ನನಗೂ ಹೀಗೇ ಆಗಿದೆ. ವಾರಂಟಿ ಮುಗಿದು ಸ್ವಲ್ಪ ದಿನಕ್ಕೆ ನನ್ನ ರಿಸೀವರ್‌ನ ಎಚ್‌ಡಿಎಂಐ ಬೋರ್ಡು ಸತ್ತಿತು. ಆಂಪ್ ಗುಂಡುಕಲ್ಲಿನ ಹಾಗೆ ಗಟ್ಟಿ, ಟಿವಿಯಲ್ಲಿ ಮಾತ್ರ ಕಪ್ಪು ಪರದೆ. ಆ ಬೋರ್ಡು ಈಗ ಸಿಗಲ್ಲ ಅಂದರು. ಎತ್ತಲಾರದಷ್ಟು ಭಾರದ ಪೆಟ್ಟಿಗೆ, ಅಂಗೈಯಗಲದ ಬೋರ್ಡಿನಿಂದಾಗಿ ಮೂಲೆ ಸೇರಿತು. (ಆಮೇಲೆ ಅದರ ಅನಲಾಗ್ ಇನ್‌ಪುಟ್‌ಗೆ ಸಿ.ಡಿ. ಪ್ಲೇಯರ್ ಹಾಕಿ ಹಾಡಿಗೆ ಇಟ್ಟುಕೊಂಡೆ, ಅದು ಬೇರೆ ಮಾತು.)

ಬಿಡಿ ಬಿಡಿ ತಗೊಳ್ಳುವುದರ ನಿಜವಾದ ಲಾಭ ಇದು. ಹಳೆಯದಾದ ಭಾಗವನ್ನು ಮಾತ್ರ ಬದಲಾಯಿಸಬಹುದು. ಆದರೆ ಇಲ್ಲೊಂದು ತಮಾಷೆ ಇದೆ. ಪ್ರೊಸೆಸರ್‌ಗಳು ಮಾರಾಟವಾಗುವುದು ಕಡಿಮೆ, ಹಾಗಾಗಿ ಬೆಲೆ ಜಾಸ್ತಿ. ಎಷ್ಟೋ ಸಲ ಅದೇ ಕಂಪನಿಯ, ಹೆಚ್ಚು ಕಡಿಮೆ ಅದೇ ಬೋರ್ಡುಗಳಿರುವ, ಜೊತೆಗೆ ಆಂಪ್ ಕೂಡ ಇರುವ ರಿಸೀವರ್‌ಗಿಂತ ಆಂಪ್ ಇಲ್ಲದ ಪ್ರೊಸೆಸರ್ ದುಬಾರಿ! ಮೇಲೆ ಪವರ್ ಆಂಪ್ ಬೇರೆ ಕೊಳ್ಳಬೇಕು.

ಅದಕ್ಕೇ ನಾನು ಹೇಳುವುದು, ಪ್ರೀ-ಔಟ್ (ಸಿಗ್ನಲನ್ನು ಹೊರಗಿನ ಪವರ್ ಆಂಪ್‌ಗೆ ಕಳಿಸುವ ತೂತು) ಇರುವ ಮಧ್ಯಮ ದರ್ಜೆಯ ರಿಸೀವರ್ ತಗೊಳ್ಳಿ. ಅಂಗಡಿಯಲ್ಲಿ ಅದನ್ನು ತಿರುಗಿಸಿ ಹಿಂಭಾಗ ನೋಡಿ. ಸಬ್‌ವೂಫರ್‌ಗೆ (ಬೇಸ್ ನುಡಿಸುವ ಸ್ಪೀಕರ್‌ಗೆ) ಮಾತ್ರ ಪ್ರೀ-ಔಟ್ ಇದ್ದರೆ ಸಾಲದು. ಎಡ, ಬಲ, ಸೆಂಟರ್ ಅಂತ ಬರೆದ ತೂತುಗಳೂ ಇರಬೇಕು. ಮುಂದೆ ಯಾವತ್ತಾದರೂ ಶಕ್ತಿ ಸಾಲದು ಅನಿಸಿದರೆ ಮುಂದಿನ ಮೂರು ಸ್ಪೀಕರ್‌ಗೆ ಒಂದು ಪವರ್ ಆಂಪ್ ಸೇರಿಸಿ. ಸಿನಿಮಾದ ಮಾತೆಲ್ಲ ಬರುವುದು ಹೆಚ್ಚಾಗಿ ಸೆಂಟರ್‌ನಿಂದ, ಭಾರ ಬೀಳುವುದೂ ಆ ಮೂರರ ಮೇಲೇ. ಆಮೇಲೆ ಬೋರ್ಡು ಹಳೆಯದಾದಾಗ ರಿಸೀವರ್ ಮಾತ್ರ ಬದಲಾಯಿಸಿ, ಪವರ್ ಆಂಪ್ ಕೂತಲ್ಲೇ ಇರಲಿ. ಸ್ನೇಹಿತರು ಹೇಳಿದ ಊರಿಗೇ ಹೋಗುತ್ತೀರಿ, ಕಂತಿನಲ್ಲಿ.

ಪ್ರಶ್ನೆ: ರಿಸೀವರ್ ಡಬ್ಬದ ಮೇಲೆ ಚಾನೆಲ್‌ಗೆ 150 ವಾಟ್ ಅಂತಿದೆ, ಏಳು ಚಾನೆಲ್, ಅಂದರೆ ಏಳು ಸ್ಪೀಕರ್‌ಗೆ. ಅದಕ್ಕಿಂತ ಎಷ್ಟೋ ದುಬಾರಿಯಾದ ಪವರ್ ಆಂಪ್ ಮೇಲೆ ಬರೀ 100 ವಾಟ್. ಇದು ಯಾವ ನ್ಯಾಯ?

ಉತ್ತರ: ದೊಡ್ಡ ಅಕ್ಷರ ಬಿಡಿ, ಅದರ ಕೆಳಗಿನ ಸಣ್ಣ ಅಕ್ಷರ ಓದಿ. "6 ಓಮ್, 1 ಕಿಲೋಹರ್ಟ್ಸ್, ಒಂದು ಚಾನೆಲ್, ಶೇ 10 ಡಿಸ್ಟಾರ್ಷನ್" ಅಂತಿದ್ದರೆ ಅದು ಒಬ್ಬನೇ, ಇಳಿಜಾರಿನಲ್ಲಿ, ಬೆನ್ನ ಮೇಲೆ ಹೊರೆಯಿಲ್ಲದೆ ಓಡಿದ ವೇಗ. ಶೇ 10 ಡಿಸ್ಟಾರ್ಷನ್ ಅಂದರೆ ಸದ್ದು ಆಗಲೇ ಒಡೆದಿರುತ್ತದೆ. ನಂಬಬೇಕಾದದ್ದು "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಒಟ್ಟಿಗೆ" ಎಂಬ ಸಾಲು, ಡಿಸ್ಟಾರ್ಷನ್ ಶೇ 0.1ರ ಒಳಗಿರಬೇಕು. ಹಾಗೆ ಅಳೆದರೆ ಆ 150 ಎಲ್ಲೋ 90ರ ಆಸುಪಾಸಿಗೆ ಬಂದು ಕೂತರೂ ಆಶ್ಚರ್ಯವಿಲ್ಲ. ಏಳೂ ಚಾನೆಲ್ ಒಟ್ಟಿಗೆ ದುಡಿದರೆ ಇನ್ನೂ ಇಳಿಯುತ್ತದೆ. ಇರುವುದು ಒಂದೇ ಟ್ರಾನ್ಸ್‌ಫಾರ್ಮರ್ ಅಲ್ವಾ?

ಆದರೆ ಗಾಬರಿ ಬೇಡ. ವಾಟ್ ಲೆಕ್ಕ ನಾವು ಅಂದುಕೊಂಡ ಹಾಗೆ ಇಲ್ಲ. ಸ್ಪೀಕರ್‌ನ ಹಿಂದೆ 87 ಡೆಸಿಬೆಲ್ ಅಂತ ಬರೆದಿದ್ದರೆ, 1 ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. 10 ವಾಟ್‌ಗೆ 97, 100 ವಾಟ್‌ಗೆ 107. ಕಿವಿಗೆ "ಎರಡು ಪಟ್ಟು ಜೋರು" ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. 100 ವಾಟ್ ಇದ್ದದ್ದನ್ನು 200 ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಆ 3 ಡೆಸಿಬೆಲ್ ಬೇಕಾದರೆ 87ರ ಬದಲು 90 ಡೆಸಿಬೆಲ್ ಸ್ಪೀಕರ್ ತನ್ನಿ, ಆಂಪ್ ಎರಡು ಪಟ್ಟು ಮಾಡಿದಷ್ಟೇ ಆಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀವು ನೋಡುವ ಸಿನಿಮಾದ ಮಾತಿಗೆ ಒಂದು ವಾಟ್ ಕೂಡ ಖರ್ಚಾಗುವುದಿಲ್ಲ. ಸಾಧಾರಣ ಸ್ಪೀಕರ್ ಇಟ್ಟುಕೊಂಡು ಅದರ ಮೂರು ಪಟ್ಟು ಬೆಲೆಯ ಆಂಪ್ ತರುವವರನ್ನು ಕಂಡಾಗ ನನಗೆ ಮೂಗಿಗಿಂತ ಮೂಗುತಿ ಭಾರ ಅನ್ನುವ ಮಾತೇ ನೆನಪಾಗುತ್ತದೆ.

ಪವರ್ ಆಂಪ್ ನಿಜವಾಗಿ ಬೇಕಾಗುವುದು 4 ಓಮ್‌ನ ಕಷ್ಟದ ಸ್ಪೀಕರ್ (ಓಮ್ ಕಡಿಮೆಯಾದಷ್ಟೂ ಆಂಪ್‌ನಿಂದ ಕರೆಂಟು ಹೆಚ್ಚು ಎಳೆಯುತ್ತದೆ) ಇದ್ದು, ರೂಮು ದೊಡ್ಡದಿದ್ದು, ನೀವು ದೂರ ಕೂತು ಜೋರಾಗಿ ಕೇಳುವವರಾಗಿದ್ದರೆ. ಮೂರೂ ಸೇರಿದರೆ ಯೋಚನೆಯೇ ಬೇಡ, ತಗೊಳ್ಳಿ.

ಪ್ರಶ್ನೆ: ಬಿಡಿ ಕಾಂಪೊನೆಂಟ್‌ನಲ್ಲಿ ಸದ್ದು "ತೆರೆದುಕೊಳ್ಳುತ್ತೆ" ಅಂತಾರೆ. ಕಿವಿಗೆ ವ್ಯತ್ಯಾಸ ನಿಜಕ್ಕೂ ಗೊತ್ತಾಗುತ್ತಾ?

ಉತ್ತರ: ನಾಲ್ಕು ಜನ ಸೇರಿ ಒಮ್ಮೆ ಪರೀಕ್ಷೆ ಮಾಡಿದ್ದೆವು. ಒಂದೇ ಜೋಡಿ ಸ್ಪೀಕರ್, ಒಂದು ಕಡೆ ರಿಸೀವರ್, ಇನ್ನೊಂದು ಕಡೆ ಪ್ರೀ ಆಂಪ್ (ಇನ್‌ಪುಟ್, ವಾಲ್ಯೂಮ್ ನೋಡಿಕೊಳ್ಳುವ ಪೆಟ್ಟಿಗೆ) ಮತ್ತು ಪವರ್ ಆಂಪ್, ಎರಡರ ಮುಂದೂ ಹಳೆಯ ಬೆಡ್‌ಶೀಟ್ ಕಟ್ಟಿದೆವು. ಸ್ಪೀಕರ್ ತುದಿಗೆ ಮೀಟರ್ ಹಿಡಿದು ಎರಡರ ವೋಲ್ಟೇಜ್ ಒಂದೇ ಮಾಡಿದೆವು. ಯಾಕೆಂದರೆ ಚೂರೇ ಚೂರು ಜೋರಾಗಿರುವುದು ನಮ್ಮ ಕಿವಿಗೆ "ಚೆನ್ನಾಗಿದೆ" ಅನಿಸುತ್ತದೆ, ಜೋರಾಗಿದೆ ಅಂತ ಅನಿಸುವುದಿಲ್ಲ. ಮೊದಲು ಹಾಗೇ ಕೇಳಿದಾಗ ಬಿಡಿ ಸೆಟ್ಟನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮೀಟರ್ ಹಿಡಿದ ಮೇಲೆ ನಮ್ಮ ಉತ್ತರಗಳು ನಾಣ್ಯ ಚಿಮ್ಮಿದ ಹಾಗೆ ಬಂದವು. ನಮ್ಮಲ್ಲೊಬ್ಬ ಅವತ್ತು ಊಟಕ್ಕೂ ನಿಲ್ಲದೆ ಹೊರಟುಹೋದ, ಪವರ್ ಆಂಪ್ ಅವನದ್ದು. ಆದರೆ ಬೇರೆ ದಿನ 4 ಓಮ್‌ನ ದೊಡ್ಡ ಸ್ಪೀಕರ್ ಹಾಕಿ ವಾಲ್ಯೂಮ್ ಏರಿಸಿದಾಗ ರಿಸೀವರ್ ಏದುಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು, ಅದೂ ನಿಜ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ವಿಷಯದಲ್ಲಿ ಮಾತ್ರ ನೆಲ, ಅಂದರೆ ರೂಮು, ನಿಜವಾಗಿಯೂ ಡೊಂಕು. 5 ಮೀಟರ್ ಉದ್ದದ ರೂಮಿನಲ್ಲಿ ಸುಮಾರು 34 ಹರ್ಟ್ಸ್‌ನ ಬೇಸ್ ಗೋಡೆಯಿಂದ ಗೋಡೆಗೆ ಬಡಿದು ಊದಿಕೊಳ್ಳುತ್ತದೆ. ಗೋಡೆಗೆ ಒರಗಿ ಕೂತವರಿಗೆ ಗುಡುಗು, ನಡುವೆ ಕೂತವರಿಗೆ ಏನೂ ಇಲ್ಲ. ಎಷ್ಟೇ ದೊಡ್ಡ ಪವರ್ ಆಂಪ್ ತಂದರೂ ಇದು ಸರಿಹೋಗದು. ರಿಸೀವರ್ ಜೊತೆ ಬರುವ ಮೈಕ್ ಇಟ್ಟು ಅಳೆದರೆ, ರೂಮಿಗೆ ತಕ್ಕಂತೆ ಸದ್ದು ತಿದ್ದುವ ಡಿರಾಕ್ ಆಗಲಿ, ಆಡಿಸ್ಸಿ (Audyssey) ಆಗಲಿ ಒಂದು ಮಟ್ಟಿಗೆ ಸರಿಮಾಡುತ್ತದೆ. ಅದಕ್ಕೂ ಮೊದಲು ಪುಕ್ಕಟೆ ಉಪಾಯವೊಂದಿದೆ. ಸಬ್‌ವೂಫರನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಬೇಸ್ ಇರುವ ಹಾಡು ಹಾಕಿ, ನೀವು ಗೋಡೆಗುಂಟ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಬೇಸ್ ಊದಿಕೊಳ್ಳದೆ ಸಮನಾಗಿ ಕೇಳುತ್ತೋ ಅಲ್ಲಿ ಸಬ್‌ವೂಫರ್ ಇಡಿ. ಮನೆಯವರು ನಗುತ್ತಾರೆ, ನಗಲಿ.

ಪ್ರಶ್ನೆ: ರಿಸೀವರ್‌ಗೆ ಪವರ್ ಆಂಪ್ ಸೇರಿಸಿದ ದಿನದಿಂದ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ಆಂಪ್ ವಾಪಸ್ ಕೊಡಲಾ?

ಉತ್ತರ: ತಡೆಯಿರಿ. ಇದು ಹೆಚ್ಚಾಗಿ ಗ್ರೌಂಡ್ ಲೂಪ್. ಎರಡು ಪೆಟ್ಟಿಗೆ ಎರಡು ಬೇರೆ ಪ್ಲಗ್ ಪಾಯಿಂಟ್‌ನಿಂದ ಅರ್ತ್ ತಗೊಂಡಾಗ, ನಡುವಿನ ಸಿಗ್ನಲ್ ವೈರಿನ ಕವಚದಲ್ಲೂ ಕರೆಂಟು ಹರಿದು ಗುಂಯ್ಗುಡುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಕೇಬಲ್ ಟಿವಿ ವೈರು ಕಿತ್ತು ನೋಡಿ, ಕಳ್ಳ ಅಲ್ಲೇ ಸಿಗುವುದು ಜಾಸ್ತಿ. ಎರಡರಲ್ಲೂ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಕನೆಕ್ಷನ್) ಇದ್ದರೆ ಅದನ್ನೇ ಬಳಸಿ. ಪ್ಲಗ್‌ನ ಅರ್ತ್ ಪಿನ್ ಮುರಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗುಂಯ್ ಹೋಗುತ್ತದೆ ನಿಜ, ಒಂದು ದಿನ ಪೆಟ್ಟಿಗೆ ಮುಟ್ಟಿದಾಗ ಪ್ರಾಣಕ್ಕೇ ಬರಬಹುದು.

ಪ್ರಶ್ನೆ: ನಾನು ಸಿನಿಮಾ ನೋಡುವುದೇ ಇಲ್ಲ. ಹಾಡು ಮಾತ್ರ, ಅದೂ ಎಲ್.ಪಿ. ರೆಕಾರ್ಡುಗಳಲ್ಲಿ. ನನಗೂ ರಿಸೀವರ್ ಬೇಕಾ?

ಉತ್ತರ: ಬೇಡ. ಏಳು ಚಾನೆಲ್‌ಗೆ ದುಡ್ಡು ಕೊಟ್ಟು ಎರಡನ್ನು ಬಳಸುವುದೇಕೆ? ಫೋನೋ ಇನ್‌ಪುಟ್ (ರೆಕಾರ್ಡ್ ಪ್ಲೇಯರ್‌ಗೆಂದೇ ಇರುವ ತೂತು) ಇರುವ ಎರಡು ಚಾನೆಲ್‌ನ ಇಂಟಿಗ್ರೇಟೆಡ್ ಆಂಪ್, ಅಂದರೆ ಪ್ರೀ ಆಂಪ್, ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು, ಸಾಕು. ರೆಕಾರ್ಡಿನ ಮೇಲೆ ಓಡುವ ಸೂಜಿಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ನಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಅಷ್ಟೇ, ಮಾಮೂಲಿ ಇನ್‌ಪುಟ್‌ಗೆ ಹಾಕಿದರೆ ಪಿಸುಮಾತು ಕೇಳಿದ ಹಾಗಿರುತ್ತದೆ.

ಪ್ರಶ್ನೆ: ನಮ್ಮ ಬೆಕ್ಕು ದಿನಾ ರಿಸೀವರ್ ಮೇಲೆ ಮಲಗುತ್ತದೆ. ತೊಂದರೆ ಇದೆಯಾ?

ಉತ್ತರ: ಬೆಕ್ಕಿಗೆ ಇಲ್ಲ. ಒಳಗಿನ ಕೆಪಾಸಿಟರ್‌ಗಳಿಗೆ ಇದೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ, ಮೇಲಿನ ತೂತುಗಳಲ್ಲಿ ಕೂದಲು ತುಂಬಿದರೆ ಇನ್ನೂ ಬೇಗ. ಪಕ್ಕದಲ್ಲೇ ಹಳೆಯ ರಗ್ಗೊಂದನ್ನು ಮಡಚಿ ಇಡಿ. ಸೆಟ್-ಟಾಪ್ ಬಾಕ್ಸ್ ಇಟ್ಟಿದ್ದರೆ ಅದನ್ನೂ ರಿಸೀವರ್ ಮೇಲಿಂದ ಇಳಿಸಿಬಿಡಿ, ಅದೇನು ಮುನಿಸಿಕೊಳ್ಳುವುದಿಲ್ಲ.